ಅರಿಶಿನ ಮುಟ್ಟಿಸದ ಹನ್ನೆರಡು ಗೇಟು

ನನ್ನ ಮೊಮ್ಮಗಳು ಬಣ್ಣ ಹಾಕಿದ ಹನ್ನೆರಡು ಗೇಟುಗಳನ್ನೂ ಬತ್ತಲಗುಂಡು ಊರಿನ ಗಿರಾಕಿಗಳು ಒಪ್ಪಿಕೊಂಡು ಇವತ್ತು ಲಾರಿಗೆ ಏರಿಸಿದರು. ಒಂದನ್ನೂ ಬೇಡವೆಂದು ವಾಪಸ್ ಮಾಡಲಿಲ್ಲ. ನಾನು ಮೂರನೇ ಕ್ಲಾಸಿನವರೆಗೆ ಓದಿದವಳು. ಆದರೂ ಇದನ್ನು ನಾನೇ ಬರೆಯಬೇಕು.

ಅವರು ಒಪ್ಪದಿದ್ದರೆ ಅವಳ ಕೆಲಸ ನಿಲ್ಲಿಸಿ, ಅವಳು ಬಣ್ಣ ಹಾಕುವ ಷೆಡ್ಡನ್ನು ಬಾಳೆಕಾಯಿ ಮಂಡಿಗೆ ಕೊಡಬೇಕೆಂದು ನನ್ನ ಮೈದುನ ಪಟ್ಟು ಹಿಡಿದಿದ್ದ. ತೇನಿಗೆ ಹೋಗುವ ರಸ್ತೆಯ ಆ ಷೆಡ್ಡಿನಲ್ಲಿ ನನಗೂ ಅವನಿಗೂ ಸಮಪಾಲು.

"ಅತ್ತಿಗೆ, ಹೆಣ್ಣುಪಿಳ್ಳೆಗೆ ಕಬ್ಬಿಣದ ವೇಲೆ, ಈ ಕೆಲಸ ಯಾತಕ್ಕೆ? ನಾಳೆ ಇವಳನ್ನ ಯಾರು ಕಟ್ಕೊಂಡು ಹೋಗ್ತಾರೆ?"

"ಅವಳು ಎಲ್ಲಿಗೂ ಹೋಗೋದು ಬ್ಯಾಡಪ್ಪ. ಗೇಟು ಹೋದ್ರೆ ಸಾಕು."

ಹಾಗೆ ಅಂದ ನಾನೇ ಮೊದಲ ಸಲದ ಬಣ್ಣ ಕೆಡಿಸಿದೆ. ನಮ್ಮಲ್ಲಿ ಯಾವ ಹೊಸ ವಸ್ತುವಿಗೂ ಎಣ್ಣೆಯಲ್ಲಿ ಕಲಸಿದ ಅರಿಶಿನ ಮುಟ್ಟಿಸದೆ ಬಿಡುವುದಿಲ್ಲ. ಅವಳು ಗೇಟುಗಳನ್ನು ಜಿಡ್ಡು ಬಿಡಿಸುವ ಔಷಧಿ ನೀರಿನಲ್ಲಿ ತೊಳೆದು, ಒಣಗಿಸಿ, ಕೊಕ್ಕೆಗೆ ತೂಗುಹಾಕಿ ಊಟಕ್ಕೆ ಹೋಗಿದ್ದಳು. ನಾನು ಒಂದೊಂದಕ್ಕೂ ಹಿಂಬದಿಯಲ್ಲಿ ಮೂರು ಬೊಟ್ಟಿಟ್ಟೆ.

ಆ ಬಣ್ಣ ಒಣ ಹಿಟ್ಟಿನಂಥದ್ದು. ಅದನ್ನು ಊದುವ ಗನ್ನಿನಿಂದ ಹೊರಡುವಾಗ ಕರೆಂಟು ಹಿಡಿದು ಕಬ್ಬಿಣಕ್ಕೆ ತಾನಾಗಿ ಅಂಟುತ್ತದೆ. ದೊಡ್ಡ ಒಲೆಯೊಳಗೆ ಇನ್ನೂರು ಡಿಗ್ರಿಯಲ್ಲಿ ಕರಗಿ, ಹರಡಿ, ಗಟ್ಟಿಯಾಗುತ್ತದೆ; ಎಣ್ಣೆ ಜಿಡ್ಡಿದ್ದ ಕಡೆ ಮಾತ್ರ ಕೂರುವುದಿಲ್ಲ. ಹೊರಗೆ ತೆಗೆದಾಗ ನಾನು ಬೊಟ್ಟಿಟ್ಟ ಕಡೆಯೆಲ್ಲ ಸಿಡುಬಿನ ಕಲೆಯಂಥ ಕುಳಿಗಳು. ಕೊಳ್ಳುವವರು ಬೇಡವೆಂದರು. ಸರಿಮಾಡಿ ಕೊಡಲು ಒಂದು ವಾರ ಕೊಟ್ಟರು.

"ಅಜ್ಜಿ, ನೀನಾ?"

"ನಾನೇ, ನನ್ನ ಕಣ್ಣೇ."

"ಸಾಮಿಗೆ ಇಟ್ಟಿದ್ರೆ ಸಾಮಿ ಸುಮ್ನಿರ್ತಿತ್ತು. ಇದು ಗೇಟು."

ಮೈದುನ ಬಂದು ನಿಂತಾಗ ಅವಳು ನನ್ನ ಹೆಸರೆತ್ತಲಿಲ್ಲ. ನಾನೇ ಹೇಳಿದೆ: "ತಪ್ಪು ನಂದು. ನನ್ನ ಪಾಲು ಇರೋ ತನಕ ಅವಳ ಒಲೆ ಉರೀತದೆ. ನಿನ್ನ ಪಾಲಲ್ಲಿ ನಿಂತ್ಕೊಂಡು ನೋಡು."

ಹಳೆಯ ಬಣ್ಣ ಸುಲಿದು, ಉಜ್ಜಿ, ಮತ್ತೆ ತೊಳೆದೆವು. ಅರಿಶಿನವಿಲ್ಲದೆ ಶುಭವಾದೀತೇ ಎಂದು ನೆಂಟರು ರಾಗ ಎಳೆದರು. ನಾನು ಬಾಗಿಲಲ್ಲೇ ಕೂತೆ. ಕೈಗವಸಿಲ್ಲದೆ ಒಬ್ಬರನ್ನೂ ಒಳಗೆ ಬಿಡಲಿಲ್ಲ, ಮೈದುನನನ್ನೂ.

ಇವತ್ತು ಬಂದವರು ಗೇಟುಗಳನ್ನು ಬಿಸಿಲಿಗೆ ತಿರುಗಿಸಿ ನೋಡಿದರು, ಉಗುರಲ್ಲಿ ಕೆರೆದರು, ಹಿಂಬದಿಗೂ ಬಗ್ಗಿದರು. "ಏರಿಸಿ" ಅಂದರು. ಶುಭ ಆಗುವುದಾದರೆ ಹೀಗೂ ಆಗುತ್ತದೆ.

ಸಂಜೆ ಎಲ್ಲರೂ ಕೂತೆವು. ನಮ್ಮ ಮನೆಯಲ್ಲಿ ಮೊದಲ ಮುದ್ದೆ ಗಂಡಸರ ತಟ್ಟೆಗೆ. ನಾನು ಅವಳ ತಟ್ಟೆಗೆ ಹಾಕಿದೆ. ಮೈದುನ ಅದನ್ನು ನೋಡಿ ತನ್ನ ತಟ್ಟೆ ಮುಂದೆ ತಳ್ಳಿದ.

"ಸರಿ ಅತ್ತಿಗೆ, ಈಗ ನಂಗೂ ಹಾಕು. ಹಸಿವು."

ಹಾಕಿದೆ. ಅವರೆಕಾಳಿನ ಸಾರು ತಳ ಕಾಣುವವರೆಗೂ ಉಂಡೆವು.