ಘಾಗ್ರಾ ತಿರುಗಿದ ದಿನ

ನಮ್ಮ ಭಾಂಡುಪ್ ಕಾಲೊನಿಯ ಸುಮಿತ್ರಾ ಸಿನಿಮಾ ಬಟ್ಟೆ ಹೊಲಿಯುವ ಕಾರ್ಖಾನೆಗೆ ಮ್ಯಾನೇಜರ್ ಆಗಿ ಹೋಗುತ್ತಾಳೆ ಎಂದು ಗೊತ್ತಾದಾಗ ಎಲ್ಲರಿಗಿಂತ ಜೋರಾಗಿ ನಕ್ಕವಳು ಅವಳೇ. "ನನಗೆ ಬ್ಲೌಸಿಗೆ ಹುಕ್ಕು ಹಾಕೋಕೂ ನೆಟ್ಟಗೆ ಬರಲ್ಲ ಕಣ್ರೀ!"

ಮೈಸೂರಿನ ಹುಡುಗಿ, ಮದುವೆಯಾಗಿ ಮುಂಬಯಿಗೆ ಬಂದವಳು. ಅಂಧೇರಿಯಲ್ಲಿ ಹಲ್ಲಿನ ಡಾಕ್ಟರೊಬ್ಬರ ಕ್ಲಿನಿಕ್ಕಿನಲ್ಲಿ ವರ್ಷಗಟ್ಟಲೆ ರಿಸೆಪ್ಷನಿಸ್ಟ್ ಆಗಿದ್ದಳು. ಕೆನ್ನೆ ಹಿಡಿದುಕೊಂಡು ಬಂದವರು "ಇನ್ನೂ ಎಷ್ಟು ಹೊತ್ತು?" ಎಂದು ರೇಗಿದರೆ ಅವಳು ಅದನ್ನು ಸಿಟ್ಟು ಎಂದುಕೊಳ್ಳುತ್ತಿರಲಿಲ್ಲ. ಒಳಗಿನ ಡ್ರಿಲ್ಲಿನ ಸದ್ದಿಗೆ ಹೆದರಿದ್ದಾರೆ ಎಂದು ಪಕ್ಕಕ್ಕೆ ಹೋಗಿ ಕೂತು ಮಾತಾಡಿಸುತ್ತಿದ್ದಳು. ಹಾಗೆ ರೇಗಿದವರಲ್ಲಿ ಕಿಶೋರನೂ ಒಬ್ಬ, ಗೋರೆಗಾಂವ್‌ನ ಆ ಕಾರ್ಖಾನೆಯ ಮಾಲೀಕ. ಹಲ್ಲು ಕೀಳಿಸಿಕೊಂಡು ಹೊರಬಂದವನೇ, ಬಾಯಲ್ಲಿ ಹತ್ತಿಯ ಉಂಡೆ ಇಟ್ಟುಕೊಂಡು ತೊದಲುತ್ತಲೇ, "ನಮ್ಮಲ್ಲಿಗೆ ಬರ್ತೀರಾ? ನಮ್ಮವರ ಜೊತೆ ಮಾತಾಡೋಕೆ ಯಾರಿಗೂ ಬರ್ತಿಲ್ಲ" ಎಂದಿದ್ದ.

ಅಲ್ಲಿ ಕೈಕಸೂತಿ ಹಾಕುವವರೆಲ್ಲ ಹೆಂಗಸರು. ಕಲಬುರಗಿ ಕಡೆಯಿಂದ ಬಂದು ಇಲ್ಲೇ ನೆಲೆಸಿದ ಮನೆತನದವರೇ ಹೆಚ್ಚು. ಹಿಂದಿನ ಮ್ಯಾನೇಜರ್ ದೇವಾನಂದ ಇಡೀ ದಿನ ಕೂಗಾಡುತ್ತಿದ್ದ. ಯಾರಾದರೂ ಫೋನು ಮುಟ್ಟಿದರೆ ಕಿತ್ತಿಡುತ್ತಿದ್ದ. ಅವನು ಬಿಟ್ಟು ಹೋಗಿದ್ದರೂ ಅವನ ಭಯ ಹೋಗಿರಲಿಲ್ಲ. ಕೆಲಸವೇನೋ ನಡೆಯುತ್ತಿತ್ತು. ಆದರೆ ನಗು ಇಲ್ಲ, ಮಾತಿಲ್ಲ. ಹೊತ್ತು ಮುಗಿಯುತ್ತಲೇ ಸೂಜಿ ಚುಚ್ಚಿಟ್ಟು ಎದ್ದು ಹೋಗುತ್ತಿದ್ದರು.

ಅಷ್ಟರಲ್ಲಿ ದೊಡ್ಡ ಆರ್ಡರ್ ಬಂತು. ಸಿನಿಮಾವೊಂದರ ಮದುವೆ ಹಾಡು. ಕುಣಿಯುವವರಿಗೆಲ್ಲ ಕನ್ನಡಿ ಕೂರಿಸಿದ ಕೆಂಪು ಘಾಗ್ರಾ ಲಂಗಗಳು ಬೇಕೆಂದು ಡಿಸೈನರ್ ತುಷಾರ್ ಹೇಳಿದ. ಕಿಶೋರ ಖುಷಿಯಿಂದ ಎಲ್ಲರಿಗೂ ಜಿಲೇಬಿ ತರಿಸಿದ. ಅದೇ ಸಂಜೆ, ಕಸೂತಿಯವರಲ್ಲಿ ಮುಂದಾಳಾದ ರಂಜನಾ ಸುಮಿತ್ರಾಳ ಕೋಣೆಗೆ ಬಂದು ಬಾಗಿಲಲ್ಲೇ ನಿಂತಳು.

"ಮೇಡಂ, ಅಂಧೇರಿ ಒಳಗ ಹೊಸ ಬುಟಿಕ್ ಸುರು ಆಗ್ಯದ. ನಾವೆಲ್ಲಾ ಅಲ್ಲಿಗೆ ಹೊಂಟೀವಿ ನೋಡ್ರಿ."

ಸುಮಿತ್ರಾಳಿಗೆ ಮೈಯೆಲ್ಲ ಉರಿದು ಹೋಯಿತು. 'ಈಗಲೇ ಹೋಗಬೇಕಾ? ಜಿಲೇಬಿ ತಿನ್ನುವಾಗ ಹೇಳೋಕೆ ಆಗಲಿಲ್ವಾ?' ನಾಲಿಗೆಯ ತುದಿಗೆ ಬಂದ ಮಾತನ್ನು ನೀರಿನ ಜೊತೆ ನುಂಗಿ, ಕುರ್ಚಿ ಎಳೆದುಕೊಟ್ಟಳು.

"ಕೂತ್ಕೊಳ್ಳಿ ರಂಜನಾ. ಅಲ್ಲಿ ಸಂಬಳ ಜಾಸ್ತೀನಾ?"

"ಭಾಳ ಏನಿಲ್ರಿ."

"ಮತ್ತೆ?"

ರಂಜನಾ ಸೆರಗಿನ ಅಂಚು ತಿರುವಿದಳು. "ಏನಂತ ಹೇಳ್ಬೇಕ್ರಿ... ಇಲ್ಲಿ ಮನಸ್ಸು ಹತ್ತವಲ್ದು."

"ಈ ಆರ್ಡರ್ ಮುಗಿಯೋವರೆಗೆ ಇರಿ. ಆಮೇಲೂ ಹೋಗಬೇಕು ಅನ್ನಿಸಿದ್ರೆ ನಾನು ತಡೆಯಲ್ಲ" ಎಂದಳು ಸುಮಿತ್ರಾ. ರಂಜನಾ ಒಪ್ಪಿದಳು.

ಮರುದಿನ ಊಟದ ಹೊತ್ತಿಗೆ ಒಳಕೋಣೆಯಿಂದ ಪಿಸುಮಾತು ಕೇಳಿಸಿತು. ಹೆಂಗಸರೆಲ್ಲ ಒಂದು ಫೋನಿನ ಮೇಲೆ ಬಗ್ಗಿದ್ದರು. ಯಾವುದೋ ಸಿನಿಮಾ ಹಾಡು ಓಡುತ್ತಿತ್ತು. ರಂಜನಾ ತಟ್ಟನೆ, "ಇಲ್ಲಿ ನೋಡ್ರಿ! ಈ ಅಂಚು ನಾ ಹಾಕಿದ್ದು!" ಎಂದು ಪರದೆಗೆ ಬೆರಳಿಟ್ಟಳು. ಎಲ್ಲರಿಗಿಂತ ಹಿರಿಯಳಾದ ಸುಂದ್ರವ್ವ ಕನ್ನಡಕ ಸರಿಮಾಡಿಕೊಳ್ಳುವಷ್ಟರಲ್ಲಿ ಬೇರೆ ದೃಶ್ಯ ಬಂದಿತ್ತು. "ಅಯ್ಯ, ಹೋಗೇ ಬಿಡ್ತು!"

ಸುಮಿತ್ರಾಳನ್ನು ಕಂಡದ್ದೇ ಫೋನು ಸೆರಗಿನೊಳಗೆ ಹೋಯಿತು.

"ನನಗೂ ತೋರಿಸ್ರೀ" ಎಂದು ಸುಮಿತ್ರಾ ನೆಲದ ಮೇಲೆ ಅವರ ನಡುವೆಯೇ ಕೂತುಬಿಟ್ಟಳು.

ಸುಂದ್ರವ್ವ ಮೆಲ್ಲಗೆ ಬಾಯಿಬಿಟ್ಟಳು. "ಇಷ್ಟ್ ವರ್ಷ ಆತು, ನಾವು ಮಾಡಿದ್ದನ್ನ ಒಬ್ರು ಉಟ್ಟಿದ್ದು ಕಣ್ಣಾರೆ ನೋಡಿಲ್ರಿ ಅಕ್ಕಾರ. ಗಾಡಿಗಿ ಹಾಕಿ ಕಳಸ್ತೀವಿ. ಮುಂದ ಚಂದ ಕಾಣ್ತೋ ಇಲ್ಲೋ, ಯಾರೂ ಹೇಳಂಗಿಲ್ಲ."

ಇವರಿಗೆ ಇಲ್ಲಿ ಮನಸ್ಸು ಹತ್ತದೆ ಬೇಸರವಾಗಿದ್ದು ಯಾಕೆಂದು ಸುಮಿತ್ರಾಳಿಗೆ ಹೊಳೆಯಿತು. ಊಟದ ಡಬ್ಬಿ ಅಲ್ಲೇ ಬಿಟ್ಟು ತುಷಾರ್‌ಗೆ ಫೋನು ಹಚ್ಚಿದಳು.

"ಶೂಟಿಂಗಿಗಾ? ಅಷ್ಟೂ ಜನಾನಾ? ಆಗಲ್ಲ ಮೇಡಂ, ಸೆಟ್‌ನಲ್ಲಿ ಕಾಲಿಡೋಕೆ ಜಾಗ ಇರಲ್ಲ!" ಅವನ ದನಿ ಏರಿತು.

ಕ್ಲಿನಿಕ್ಕಿನಲ್ಲಿ ಹೆದರಿ ರೇಗುತ್ತಿದ್ದವರ ಆ ದನಿ ಸುಮಿತ್ರಾಳಿಗೆ ಚೆನ್ನಾಗಿ ಪರಿಚಯವಿತ್ತು. "ಶೂಟಿಂಗ್ ದಿನ ನಿಮಗೆ ಯಾವುದರ ಚಿಂತೆ ಜಾಸ್ತಿ ತುಷಾರ್?"

ತುಷಾರ್‌ನ ದನಿ ಇಳಿಯಿತು. "ಕುಣಿಯುವಾಗ ಬಟ್ಟೆ ಹರಿದ್ರೆ ಅಂತ. ಹೋದ ಸಿನಿಮಾದಲ್ಲಿ ಹಾಗಾಗಿ ಡೈರೆಕ್ಟರ್ ಎಲ್ಲರೆದುರು ಬೈದ್ರು. ಇನ್ನೂ ನಿದ್ದೆಯಲ್ಲಿ ಕೇಳಿಸುತ್ತೆ."

"ಬಟ್ಟೆ ಮಾಡಿದವರೇ ಸೂಜಿ ಹಿಡಿದು ಪಕ್ಕದಲ್ಲಿ ನಿಂತಿದ್ರೆ?"

ತುಷಾರ್ ನಕ್ಕುಬಿಟ್ಟ. "ಕರ್ಕೊಂಡು ಬನ್ನಿ!"

ಕಾರ್ಖಾನೆ ಒಂದು ದಿನ ಖಾಲಿಯಾಗುತ್ತದೆ ಎಂದು ಕಿಶೋರ ಗೊಣಗಿದ. ಅವನನ್ನೂ ಒಪ್ಪಿಸಿ ಸುಮಿತ್ರಾ ಒಳಕೋಣೆಗೆ ಓಡಿದಳು. "ಶೂಟಿಂಗಿಗೆ ಹೋಗ್ತಿದ್ದೀವಿ, ಎಲ್ಲರೂ!"

"ಎಲ್ಲಾರೂ ಅಂದ್ರ ಯಾರ್‍ಯಾರ್ರಿ?" ಸುಂದ್ರವ್ವ ನಂಬಲಿಲ್ಲ.

"ಎಲ್ಲರೂ ಅಂದ್ರೆ ಎಲ್ಲರೂ ಸುಂದ್ರವ್ವ!"

ಎಂಥಾ ಗದ್ದಲವೆದ್ದಿತು! ಅಂದಿನಿಂದ ಸೂಜಿಗಳ ಜೊತೆ ಬಾಯಿಗಳೂ ಓಡತೊಡಗಿದವು. ಯಾರ ಘಾಗ್ರಾ ಮುಂದಿನ ಸಾಲಿಗೆ ಹೋಗಬೇಕೆಂದು ಜಗಳ, ನಗು, ಹಾಡು. ಒಂದು ಕನ್ನಡಿ ಸೊಟ್ಟಗೆ ಕೂತರೆ ಯಾರೂ ಹೇಳದೆ ತಾವೇ ಬಿಚ್ಚಿ ಮತ್ತೆ ಹಾಕುತ್ತಿದ್ದರು.

ಶೂಟಿಂಗಿನ ದಿನ ಎಲ್ಲರೂ ಮದುವೆಗೆ ಹೊರಟವರಂತೆ ಇದ್ದುದರಲ್ಲೇ ಒಳ್ಳೆಯ ಸೀರೆ ಉಟ್ಟು, ಹೂ ಮುಡಿದು ಬಂದರು. ಸೆಟ್ಟಿನಲ್ಲಿ ಅರಮನೆಯ ಅಂಗಳ. ಹಾಡು ಶುರುವಾಯಿತು, ಕುಣಿಯುವವರು ಒಮ್ಮೆಲೇ ತಿರುಗಿದರು, ನೂರಾರು ಕನ್ನಡಿಗಳು ಮಿಂಚಿ ಬೆಳಕಿನ ಚುಕ್ಕೆಗಳು ಕಂಬಗಳ ಮೇಲೆಲ್ಲ ಓಡಾಡಿದವು. ರಂಜನಾ ಸುಮಿತ್ರಾಳ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಅಷ್ಟರಲ್ಲಿ ಚರ್‍ರೆಂದು ಸದ್ದು. ಮುಂದಿನ ಸಾಲಿನ ಹುಡುಗಿಯ ಘಾಗ್ರಾ ಪಕ್ಕದವಳ ಗೆಜ್ಜೆಗೆ ಸಿಕ್ಕಿ ಹರಿದಿತ್ತು. "ಕಟ್!" ತುಷಾರ್ ಮುಖ ಬಿಳುಚಿತು. ಅವನು ಕರೆಯುವ ಮೊದಲೇ ರಂಜನಾ ಓಡಿದ್ದಳು, ಹಿಂದೆಯೇ ಸುಂದ್ರವ್ವ. ಸುಂದ್ರವ್ವ ಬಟ್ಟೆ ಎಳೆದು ಹಿಡಿದಳು, ರಂಜನಾಳ ಸೂಜಿ ಸರಸರ ಓಡಿತು.

"ಇದನ್ನ ಮಾಡಿದ್ದು ನೀವೇನಾ?" ಆ ಹುಡುಗಿ ಬಗ್ಗಿ ಕೇಳಿದಳು. "ತಿರುಗುವಾಗ ಇದನ್ನೇ ನೋಡ್ತಾ ಹೆಜ್ಜೆ ಮರೀತೀನಿ. ಅಷ್ಟು ಚಂದ ಇದೆ!"

ರಂಜನಾ ಕೊನೆಯ ಗಂಟು ಹಾಕಿದಳು. ದಾರ ಕಚ್ಚಿ ಕತ್ತರಿಸಿ ಎದ್ದು ನಿಂತಾಗ ಕಣ್ಣು ತುಂಬಿತ್ತು, ಮುಖವೆಲ್ಲ ನಗು. ಮತ್ತೆ ಹಾಡು, ಮತ್ತೆ ಆ ಕೆಂಪು ಸುಳಿ! ಹೆಂಗಸರು ಚಪ್ಪಾಳೆ ಹೊಡೆದು, ಡೈರೆಕ್ಟರನ ಸಹಾಯಕನಿಂದ ಬೈಸಿಕೊಂಡರು. ಬೈಗುಳಕ್ಕೂ ನಕ್ಕರು.

ವಾಪಸು ಬರುವ ಟೆಂಪೊದಲ್ಲೇ ರಂಜನಾ ಅಂಧೇರಿಯ ಬುಟಿಕ್‌ಗೆ ಫೋನು ಮಾಡಿ, ಬರುವುದಿಲ್ಲ ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. ಒಬ್ಬಳು ಮಾತ್ರ ಹೋದಳು, ಮನೆಗೆ ಹತ್ತಿರ ಎಂದು. ಅವಳನ್ನು ಸುಮಿತ್ರಾ ಸೀರೆ ಕೊಟ್ಟು ಕಳಿಸಿದಳು. ಈಗ ಪ್ರತಿ ಆರ್ಡರಿಗೂ ಸರದಿಯಂತೆ ಕೆಲವರು ಶೂಟಿಂಗಿಗೆ ಹೋಗುತ್ತಾರೆ. ಗಲಾಟೆ ಜಾಸ್ತಿಯಾಯಿತೆಂದು ಕಿಶೋರ ಗೊಣಗುತ್ತಾನೆ, ಹೊಸ ಆರ್ಡರೂ ಹಿಡಿಯುತ್ತಾನೆ. ಮೊನ್ನೆ ನವಿಲಿನ ವೇಷದ ಆರ್ಡರೊಂದು ಬಂತು. ಯಾರೂ ಕೇಳದಿದ್ದರೂ ರಂಜನಾ ತಾನೇ ಹೊಸ ಬಗೆಯ ಗರಿಯೊಂದನ್ನು ಹೊಲಿದು ನೋಡಿ ಒಳಗಿನಿಂದಲೇ ಕೂಗಿದಳು: "ಮೇಡಂ, ಲಗೂನ ಬರ್ರಿ, ಇದನ್ನ ನೋಡ್ರಿ!"

ಸುಮಿತ್ರಾ ಚಹಾ ಅರ್ಧಕ್ಕೇ ಬಿಟ್ಟು ಎದ್ದು ಓಡಿದಳು.