ಒಂದು ತಿಂಗಳ ದೇಶದ ಪಾಸ್‌ಪೋರ್ಟ್

ಎಂಬತ್ತರ ದಶಕದ ಕೊನೆಯಲ್ಲಿ ನಾನು ಮಸ್ಕತ್ತಿನ ಒಂದು ಕಂಪನಿಯಲ್ಲಿ ಟೈಪಿಸ್ಟ್. ಸರಕಾರಿ ಅರ್ಜಿಗಳನ್ನು ತುಂಬಿಸುವುದೇ ಕೆಲಸ. ಒಮ್ಮೆ ನಮ್ಮ ಸ್ಟೋರ್‌ಕೀಪರ್ ಸಾಲಿಂ ಬಾಬಾ ತಮ್ಮದೊಂದು ಅರ್ಜಿ ತಂದರು. ಒಮಾನಿ ಮುದುಕರು, ಆದರೆ ಹುಟ್ಟಿ ಬೆಳೆದದ್ದು ಜಾಂಜಿಬಾರ್ ದ್ವೀಪದಲ್ಲಿ. 'ಹಿಂದಿನ ರಾಷ್ಟ್ರೀಯತೆ' ಎಂಬಲ್ಲಿ ನಾನು ಯೋಚಿಸದೆ ತಾಂಜಾನಿಯ ಎಂದು ಹೊಡೆದೆ.

"ಅದನ್ನು ತೆಗೆ. ಜಾಂಜಿಬಾರ್ ಅಂತ ಹಾಕು," ಎಂದರು.

"ಅಂಥ ದೇಶ ಈಗ ಇಲ್ಲವಲ್ಲ ಬಾಬಾ? ಅದು ತಾಂಜಾನಿಯಕ್ಕೆ ಸೇರಿತಲ್ಲ."

ಅವರು ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ್ದ ಹಳೆಯ ಪಾಸ್‌ಪೋರ್ಟೊಂದನ್ನು ಬಿಚ್ಚಿ ಮೇಜಿನ ಮೇಲಿಟ್ಟರು.

"ಬ್ರಿಟಿಷರು ಹೋದ ಮೇಲೆ ಒಂದು ತಿಂಗಳು ಇತ್ತು. ಸುಲ್ತಾನರು, ಪಾರ್ಲಿಮೆಂಟು, ವಿಶ್ವಸಂಸ್ಥೆಯಲ್ಲಿ ಬಾವುಟ, ಎಲ್ಲ ಇತ್ತು. ಆಮೇಲೆ ಅರಬರ ಆಳ್ವಿಕೆ ಸಾಕು, ಕ್ರಾಂತಿ ಅಂತ ಬಂದೂಕು ಹಿಡಿದು ಬಂದರು. ಅರಬ ಅಂತ ನನ್ನ ಅಣ್ಣನನ್ನು ಮನೆಯಂಗಳದಲ್ಲೇ ಕೊಂದರು. ನಾನು ದೋಣಿ ಹತ್ತುವಾಗ ಕೈಯಲ್ಲಿದ್ದದ್ದು ಇದೊಂದೇ."

 ಅಯ್ಯೋ ಪಾಪ ಎಂದು ಅವರ ಮುಖ ನೋಡಿದೆ. ಆಮೇಲೆ ಹೊಸ ಫಾರಂ ಹಾಕಿ ಅವರು ಹೇಳಿದಂತೆಯೇ ಹೊಡೆದೆ.

ಪಾಸ್‌ಪೋರ್ಟನ್ನು ಮತ್ತೆ ಸುತ್ತುತ್ತಾ ಬಾಬಾ ಕೇಳಿದರು: "ನಿನ್ನದು ತೋರಿಸು. ಇಂಡಿಯಾದ್ದು ಹೇಗಿರುತ್ತದೆ ನೋಡೋಣ."

"ನನ್ನ ಹತ್ತಿರ ಇಲ್ಲ. ವೀಸಾ ಕೊಟ್ಟ ಕಫೀಲರ ಕಪಾಟಿನಲ್ಲಿದೆ. ಬಂದ ದಿನವೇ ತೆಗೆದಿಟ್ಟುಕೊಂಡರು, ಊರಿಗೆ ಹೋಗುವಾಗ ಕೊಡುತ್ತಾರೆ."

 ಸ್ವಲ್ಪ ಹೊತ್ತಿನ ಮುಂಚೆ ನಾನು ಬಾಬಾರನ್ನು ಹೇಗೆ ನೋಡಿದ್ದೆನೋ ಹಾಗೆಯೇ ಈಗ ಅವರು ನನ್ನನ್ನು ನೋಡುತ್ತಾ ನಿಂತರು.

ನನಗೆ ಸಿಟ್ಟೇ ಬಂತು ಮಾರಾಯ್ರೆ. ದೇಶ ಕಳಕೊಂಡದ್ದು ಅವರು, ನಾನಲ್ಲವಲ್ಲ.