ಇನ್ನೂ ಹಸಿ ಅದೆ

ಹುಣಸೂರಿನ ಗ್ಯಾರೇಜಿನಲ್ಲಿ ಕಾರುಗಳಿಗೆ ಬಣ್ಣ ಹೊಡೆಯುತ್ತಿದ್ದ ಕಾಂತರಾಜು, ಕೆಮ್ಮು ಹೆಚ್ಚಾಗಿ ಡಾಕ್ಟರು ಸ್ಪ್ರೇ ಗನ್ ಮುಟ್ಟಲೇಬಾರದು ಎಂದ ಮೇಲೆ, ಮನೆಯ ಕಂಪ್ಯೂಟರಿನಲ್ಲಿ ರೇಸ್ ಗೇಮಿನ ಕಾರುಗಳಿಗೆ ಬಣ್ಣ ಬದಲಿಸುತ್ತಾನೆ. ಗೇಮಿನಲ್ಲಿ ಕಾರಿನ ಬಣ್ಣವೆಂದರೆ ಬಿಚ್ಚಿ ಹರಡಿದ ಅಂಗಿಯಂಥ ಒಂದು ಚಿತ್ರದ ಫೈಲು. ಅದನ್ನು ತಿದ್ದಿ ಸೇವ್ ಮಾಡಿದರೆ ಕೆಂಪು ಕಾರು ನೀಲಿಯಾಗುತ್ತದೆ. ಅಷ್ಟಕ್ಕೇ ಕಾಂತರಾಜುವಿನ ಸಡಗರ ನೋಡಬೇಕು. ಪ್ರೈಮರ್ ಇಲ್ಲದೆ ಬಣ್ಣ ಕೂರದು ಎಂದು ಮೊದಲು ಒಂದು ಕೈ ಬೂದು ಬಳಿಯುತ್ತಾನೆ, ಸೇವ್ ಮಾಡಿದ ಮೇಲೆ ಫ್ಯಾನ್ ಹಾಕಿ ಕಾಯುತ್ತಾನೆ. ಅದೇ ಗೇಮ್ ಆಡುತ್ತಾ, ಫೈಲು ಕಳಿಸೆಂದು ಪಿರಿಯಾಪಟ್ಟಣದಿಂದ ಫೋನು ಮಾಡಿ ಅವಸರಪಡಿಸುವ ಗೆಳೆಯನಿಗೆ, ‘ಇನ್ನೂ ಹಸಿ ಅದೆ ಕಣ್ಲಾ, ಈಗ್ಲೇ ರೋಡಿಗೆ ಇಳಿಸ್ಬ್ಯಾಡ’ ಎನ್ನುತ್ತಾನೆ. ಮೌಸು ಹಿಡಿಯುವ ಮುನ್ನ ಮೂಗಿಗೆ ಹಳೆಯ ಟವೆಲ್ ಕಟ್ಟಿಕೊಳ್ಳುವುದನ್ನೂ ಬಿಟ್ಟಿಲ್ಲ. ‘ಕಂಪ್ಯೂಟರಲ್ಲೂ ಥಿನ್ನರ್ ವಾಸ್ನೆ ಹೊಡೀತದಾ ನಿಮ್ಗೆ?’ ಎಂದು ಹೆಂಡತಿ ಪದ್ಮಶ್ರೀ ಮೊದಮೊದಲು ನಗುತ್ತಿದ್ದಳು. ಈಗ ಅದನ್ನು ಒಗೆದುಕೊಡುತ್ತಾಳೆ. ಗ್ಯಾರೇಜಿನ ಕಾಲದಲ್ಲಿ ಆ ಟವೆಲ್ ಹಿಂಡಿದರೆ ಅವತ್ತಿನ ಕಾರಿನ ಬಣ್ಣ ಇಳಿಯುತ್ತಿತ್ತು, ಅವನು ಕೆಮ್ಮಿ ಉಗುಳಿದ ಕಫದಲ್ಲೂ ಅದೇ ಬಣ್ಣ. ಈಗ ಹಿಂಡಿದ ನೀರು ತಿಳಿಯಾಗಿರುತ್ತದೆ. ಆದರೂ ಅವಳು ಬಕೆಟ್ಟನ್ನು ಬೆಳಕಿಗೆ ಓರೆ ಮಾಡಿ ಒಮ್ಮೆ ನೋಡಿ, ಆಮೇಲೇ ಚೆಲ್ಲುತ್ತಾಳೆ.